ಮಿದುಳಿನ ಕೋಟೆಯೊಳಗೆ

ನಮ್ಮ ದೇಹದಲ್ಲಿ ರಕ್ತನಾಳಗಳಲ್ಲದೆ ಇನ್ನೊಂದು ಬಗೆಯ ನಾಳಗಳೂ ಉಂಟು. ಅವುಗಳಲ್ಲಿ ಹರಿಯುವ ದ್ರವಕ್ಕೆ ದುಗ್ಧರಸವೆಂದು ಹೆಸರು. ಅಂಗಾಲಿಗೆ ಮುಳ್ಳು ಚುಚ್ಚಿ ಕೀವಾದಾಗ ತೊಡೆಯ ಸಂದಿಯಲ್ಲಿ ಗಂಟು ಕಟ್ಟುವುದನ್ನು ನೀವು ಬಲ್ಲಿರಿ. ಅದು ಈ ನಾಳಗಳ ದಾರಿಯಲ್ಲಿರುವ ಒಂದು ಗ್ರಂಥಿ. ಅಲ್ಲಿ ಲಿಂಫೋಸೈಟ್ ಎಂಬ ಬಿಳಿಯ ರಕ್ತಕಣಗಳು ರೋಗಾಣುಗಳೊಡನೆ ಹೋರಾಡುತ್ತವೆ. ಒಮ್ಮೊಮ್ಮೆ ಈ ಕಾವಲು ಕಣಗಳೇ ಅಂಕೆ ಮೀರಿ ಬೆಳೆಯತೊಡಗುತ್ತವೆ. ಆ ಕ್ಯಾನ್ಸರಿಗೆ ಲಿಂಫೋಮ ಎನ್ನುತ್ತಾರೆ.

ಲಿಂಫೋಮ ಸಾಮಾನ್ಯವಾಗಿ ಗ್ರಂಥಿಗಳಲ್ಲಿ ತೋರುತ್ತದೆ. ಅಪರೂಪವಾಗಿ ಅದು ಮಿದುಳು, ಮಿದುಳುಬಳ್ಳಿ, ಕಣ್ಣು ಇವುಗಳಲ್ಲಿಯೇ ತಲೆಯೆತ್ತುವುದುಂಟು. ಮಿದುಳಿನಲ್ಲಿ ಹುಟ್ಟುವ ಗಂತಿಗಳಲ್ಲಿ ಇಂಥವು ನೂರಕ್ಕೆ ಎರಡರಿಂದ ನಾಲ್ಕು ಮಾತ್ರ. ಅರವತ್ತು ದಾಟಿದವರಲ್ಲಿ ಇದು ಹೆಚ್ಚು, ಎಚ್‌.ಐ.ವಿ. ಸೋಂಕಿನಿಂದ ರೋಗನಿರೋಧಕ ಶಕ್ತಿ ಕುಂದಿದವರಲ್ಲಿಯೂ ಕಾಣುತ್ತದೆ. ರೋಗಿಯ ಸ್ವಭಾವ ಬದಲಾಗುತ್ತದೆ, ಮರೆವು ಕವಿಯುತ್ತದೆ, ನಡೆ ತಪ್ಪುತ್ತದೆ. ಮಿದುಳುಬಳ್ಳಿಗೆ ತಗುಲಿದರೆ ಕಾಲುಗಳು ಸೋಲುತ್ತವೆ. ಮನೆಯವರು ಇದನ್ನೆಲ್ಲ ಮುಪ್ಪಿನ ಲಕ್ಷಣವೆಂದು ಬಗೆದರೆ ಆಶ್ಚರ್ಯವಿಲ್ಲ.

ಮಿದುಳಿಗೊಂದು ಕೋಟೆಯಿದೆ. 1885ರಲ್ಲಿ ಜರ್ಮನಿಯ ಪಾಲ್ ಏರ್ಲಿಖನು ಪ್ರಾಣಿಗಳ ರಕ್ತಕ್ಕೆ ಬಣ್ಣವನ್ನು ಸೇರಿಸಿ ನೋಡಿದನು. ಅಂಗಾಂಗಗಳೆಲ್ಲ ಬಣ್ಣ ತಳೆದವು. ಮಿದುಳು ಮಾತ್ರ ಬೆಳ್ಳಗೆ ಉಳಿಯಿತು. ಮಿದುಳಿಗೆ ಬಣ್ಣ ಹಿಡಿಯುವ ಗುಣವಿಲ್ಲವೆಂದು ಅವನು ತಿಳಿದನು. ಅವನ ಶಿಷ್ಯ ಗೋಲ್ಡ್‌ಮನ್ 1913ರಲ್ಲಿ ಪ್ರಯೋಗವನ್ನು ತಿರುವುಮುರುವು ಮಾಡಿದನು. ಮಿದುಳನ್ನು ಸುತ್ತುವರಿದ ತಿಳಿದ್ರವಕ್ಕೆ ಬಣ್ಣ ಹಾಕಿದಾಗ ಮಿದುಳು ನೀಲಿಯಾಯಿತು, ಉಳಿದ ದೇಹ ಹಾಗೆಯೇ ಇತ್ತು. ಗುರುವಿನ ಊಹೆ ಶಿಷ್ಯನ ಕೈಯಲ್ಲಿ ಮುರಿದುಬಿತ್ತು. ವಿಜ್ಞಾನದಲ್ಲಿ ಇದು ಗುರುದ್ರೋಹವಲ್ಲ! ರಕ್ತಕ್ಕೂ ಮಿದುಳಿಗೂ ನಡುವೆ ತಡೆಯೊಂದಿದೆಯೆಂಬುದು ಹೀಗೆ ಗೋಚರಿಸಿತು. ವಿಷವನ್ನು ತಡೆಯುವ ಈ ಗೋಡೆ ಅನೇಕ ಔಷಧಗಳನ್ನೂ ತಡೆಯುತ್ತದೆ.

ಚಿಕಿತ್ಸೆಯಲ್ಲಿ ಇನ್ನೊಂದು ತೊಡಕುಂಟು. ಮಿದುಳಿನ ಊತಕ್ಕೆ ವೈದ್ಯರು ಸ್ಟೀರಾಯ್ಡ್ ಕೊಡುವುದು ವಾಡಿಕೆ. ಅದನ್ನು ಕೊಟ್ಟೊಡನೆ ಈ ಗಂತಿ ಕರಗಬಹುದು, ಮಾತು ಮರಳಬಹುದು, ಮನೆಯಲ್ಲಿ ಹಬ್ಬ. ಆದರೆ ರೋಗ ಹೋಗಿರುವುದಿಲ್ಲ, ಅಡಗಿರುತ್ತದೆ. ಆಗ ಸೂಜಿಯಿಂದ ಚೂರು ತೆಗೆದು ಪರೀಕ್ಷಿಸಿದರೆ ಗುರುತು ಸಿಗದೆ ಹೋಗಬಹುದು. ಗುರುತು ಸಿಗದೆ ತಕ್ಕ ಔಷಧ ಕೊಡುವಂತಿಲ್ಲ. ಆದ್ದರಿಂದ ಲಿಂಫೋಮದ ಶಂಕೆಯಿದ್ದು, ಪ್ರಾಣಕ್ಕೆ ತತ್‌ಕ್ಷಣದ ಅಪಾಯವಿಲ್ಲದಿದ್ದರೆ, ಪರೀಕ್ಷೆ ಮುಗಿಯುವವರೆಗೆ ವೈದ್ಯರು ಸ್ಟೀರಾಯ್ಡನ್ನು ತಡೆಹಿಡಿಯುತ್ತಾರೆ. ನರಳುವವರ ಎದುರು ಹೀಗೆ ಕಾಯುವುದು ಸುಲಭವಲ್ಲ.

ಮುಖ್ಯ ಔಷಧ ಮೆಥೊಟ್ರೆಕ್ಸೇಟ್. ಆಂಧ್ರದ ಭೀಮವರದಲ್ಲಿ ಜನಿಸಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ನೇತೃತ್ವದಲ್ಲಿ ಅಮೆರಿಕದ ಲೆಡರ್ಲಿ ಪ್ರಯೋಗಶಾಲೆ 1940ರ ದಶಕದಲ್ಲಿ ಇದನ್ನು ತಯಾರಿಸಿತು. ಜೀವಕಣ ಬೆಳೆಯಲು ಫೋಲಿಕ್ ಆಮ್ಲ ಬೇಕು. ಮೆಥೊಟ್ರೆಕ್ಸೇಟ್ ಅದರ ವೇಷ ಧರಿಸಿ ಒಳಹೊಕ್ಕು ಬೆಳವಣಿಗೆಯನ್ನು ನಿಲ್ಲಿಸುತ್ತದೆ. ಮಿದುಳಿನ ಗೋಡೆಯನ್ನು ದಾಟಿಸಲು ಇದನ್ನು ಬಹಳ ದೊಡ್ಡ ಪ್ರಮಾಣದಲ್ಲಿ ರಕ್ತಕ್ಕೆ ಕೊಡಬೇಕಾಗುತ್ತದೆ. ಅಷ್ಟು ಪ್ರಮಾಣ ದೇಹಕ್ಕೇ ಮಾರಕ. ಅದಕ್ಕೆಂದೇ ಮರುದಿನದಿಂದ ಫೋಲಿನಿಕ್ ಆಮ್ಲವೆಂಬ ಮರುಮದ್ದನ್ನು ಹೊತ್ತು ತಪ್ಪದೆ ಕೊಟ್ಟು, ರಕ್ತವನ್ನು ಪರೀಕ್ಷಿಸುತ್ತಿರುತ್ತಾರೆ.

ಇಡೀ ಮಿದುಳಿಗೆ ವಿಕಿರಣ ಹಾಯಿಸುವ ಕ್ರಮವೂ ಇದೆ. ಅದರಿಂದ ಗಂತಿ ಕರಗಿದರೂ ವೃದ್ಧರ ನೆನಪು ಕ್ರಮೇಣ ಅಳಿಯುವುದುಂಟು. ಆದುದರಿಂದ ವಯಸ್ಸಾದವರಲ್ಲಿ ಮೊದಲು ಔಷಧದಿಂದಲೇ ನಿಭಾಯಿಸಿ, ವಿಕಿರಣವನ್ನು ಸಾಧ್ಯವಾದಷ್ಟು ಮುಂದೂಡುತ್ತಾರೆ.