ಗುಂಡಿ ಒತ್ತುವ ಮುನ್ನ ಗುಂಡಿ ನೋಡಿ

ಮನೆ ಕಟ್ಟಿಸುವವರು ಹಿಂದೆಲ್ಲ ದೇವರ ಮನೆ, ಅಡುಗೆ ಮನೆಗಳ ಬಗ್ಗೆ ಹೆಚ್ಚು ಚರ್ಚೆ ಮಾಡುತ್ತಿದ್ದರು. ಈಗ ಪಾಯಿಖಾನೆಯೂ ಚರ್ಚೆಗೆ ಬಂದಿದೆ. ಬೆಂಗಳೂರಿನ ಅಂಗಡಿಗಳಲ್ಲಿ ನೋಡಿ ಬಂದ ಮಕ್ಕಳು, ಹಳೆಯದನ್ನು ಕಿತ್ತು ‘ಸ್ಮಾರ್ಟ್’ ಕಮೋಡು ಹಾಕಿಸೋಣ ಎನ್ನುತ್ತಾರೆ. ಅಜ್ಜಿಗೆ ಆಶ್ಚರ್ಯ: ‘ಅದಕ್ಕೂ ಕರೆಂಟು ಬೇಕೇನಪ್ಪಾ?’

ಬೇಕು. ಈ ಕಮೋಡಿನ ಆಸನ ಬೆಚ್ಚಗಿರುತ್ತದೆ. ಗುಂಡಿ ಒತ್ತಿದರೆ ಸಣ್ಣ ನಳಿಕೆಯೊಂದು ಹೊರಬಂದು ಬೆಚ್ಚನೆಯ ನೀರು ಚಿಮ್ಮಿಸುತ್ತದೆ, ಆಮೇಲೆ ಬಿಸಿ ಗಾಳಿ ಒಣಗಿಸುತ್ತದೆ. ಮೊದಮೊದಲು ಇಂಥ ಆಸನ ಅಮೆರಿಕದಲ್ಲಿ ರೋಗಿಗಳ ಅನುಕೂಲಕ್ಕಾಗಿ ತಯಾರಾಯಿತು. ಜಪಾನಿನ ಟೋಟೋ ಕಂಪನಿ 1980ರಲ್ಲಿ ‘ವಾಶ್‌ಲೆಟ್’ ಎಂಬ ಹೆಸರಿನಲ್ಲಿ ಅದನ್ನು ಮನೆಮನೆಗೆ ತಂದಿತು. ನಳಿಕೆಯ ಓರೆ 43 ಡಿಗ್ರಿ, ನೀರಿನ ಶಾಖ 38 ಡಿಗ್ರಿ ಸೆಲ್ಸಿಯಸ್ ಎಂಬುದನ್ನು ಅಲ್ಲಿನ ನೌಕರರು ತಮ್ಮ ಮೇಲೆಯೇ ಪ್ರಯೋಗ ಮಾಡಿ ಕಂಡುಕೊಂಡರು. ಇಂದು ಜಪಾನಿನಲ್ಲಿ ನೂರಕ್ಕೆ ಸುಮಾರು 80 ಮನೆಗಳಲ್ಲಿ ಇಂಥ ಆಸನವಿದೆ.

ಮಂಡಿ ನೋವಿನವರಿಗೆ, ಕೈ ಹಿಂದಕ್ಕೆ ಹೋಗದ ವೃದ್ಧರಿಗೆ, ಪಾರ್ಶ್ವವಾಯು ಬಡಿದವರಿಗೆ ಇದು ನಿಜವಾಗಿಯೂ ಉಪಕಾರಿ. ನೀರಿನಿಂದ ತೊಳೆಯುವುದು ನಮಗೇನೂ ಹೊಸದಲ್ಲ. ಚೊಂಬಿನ ಕೆಲಸವನ್ನು ಯಂತ್ರ ಮಾಡುತ್ತದೆ, ಅಷ್ಟೆ. ಆದರೆ ಹತ್ತಾರು ಸಾವಿರ, ಕೆಲವೊಮ್ಮೆ ಲಕ್ಷ ದಾಟುವ ಬೆಲೆ ಕೊಡುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ನೀರು ಎಲ್ಲಿಂದ ಬರುತ್ತದೆ? ಎಲ್ಲಿಗೆ ಹೋಗುತ್ತದೆ? ಕೊನೆಗೆ ಅದನ್ನು ತೆಗೆಯುವವರು ಯಾರು?

ನಿಜವಾದ ಯಂತ್ರ ಯಾವುದು?

ಕಮೋಡಿನ ಬಹು ದೊಡ್ಡ ಸಂಶೋಧನೆ ವಿದ್ಯುತ್ತಿನದಲ್ಲ, ಒಂದಿಷ್ಟು ನೀರಿನದು. ಅಲೆಕ್ಸಾಂಡರ್ ಕಮಿಂಗ್ ಎಂಬ ಗಡಿಯಾರ ತಯಾರಕ 1775ರಲ್ಲಿ ಲಂಡನ್ನಿನಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಕೊಳವೆಯನ್ನು ಇಂಗ್ಲಿಷಿನ ‘ಎಸ್’ ಅಕ್ಷರದಂತೆ ಬಗ್ಗಿಸಿದರೆ ತಿರುವಿನಲ್ಲಿ ಸ್ವಲ್ಪ ನೀರು ಯಾವಾಗಲೂ ನಿಲ್ಲುತ್ತದೆ. ಚರಂಡಿಯ ದುರ್ವಾಸನೆ, ಸೊಳ್ಳೆ ಆ ನೀರನ್ನು ದಾಟಿ ಒಳಗೆ ಬರಲಾರವು. ಇದೇ ‘ನೀರಿನ ಬೀಗ’. ಬೇಸಿಗೆ ರಜೆಗೆ ಊರಿಗೆ ಹೋಗಿ ತಿಂಗಳ ನಂತರ ಬಂದಾಗ ಪಾಯಿಖಾನೆ ನಾರುವುದು ಈ ನೀರು ಆವಿಯಾಗಿ ಬೀಗ ತೆರೆದುಕೊಂಡಿರುವುದರಿಂದ. ಒಂದು ಬಕೆಟ್ ನೀರು ಸುರಿದರೆ ಸಾಕು. ಲಕ್ಷ ರೂಪಾಯಿಯ ಕಮೋಡಿಗೂ ಈ ಬೀಗವೇ ಆಧಾರ.

ನೀರು ಎಲ್ಲಿಂದ?

ಕೋಲಾರ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಸುತ್ತಮುತ್ತ ಸಾವಿರ ಅಡಿಗೂ ಕೆಳಗಿಳಿದ ಕೊಳವೆ ಬಾವಿಗಳಿವೆ. ಆದ್ದರಿಂದ ಮೊದಲು ಲೆಕ್ಕ ಹಾಕೋಣ. ಹಳೆಯ ಫ್ಲಶ್ ಟ್ಯಾಂಕು ಒಂದು ಸಲಕ್ಕೆ 10 ಲೀಟರ್ ಸುರಿಯುತ್ತದೆ ಎನ್ನಿ. ಐದು ಜನ ದಿನಕ್ಕೆ ನಾಲ್ಕು ಸಲ ಹೋದರೆ 200 ಲೀಟರ್. ಎರಡು ಗುಂಡಿಗಳ ಹೊಸ ಟ್ಯಾಂಕಿನಲ್ಲಿ ದೊಡ್ಡದಕ್ಕೆ 6, ಚಿಕ್ಕದಕ್ಕೆ 3 ಲೀಟರ್. ಒಬ್ಬರಿಗೆ ದಿನಕ್ಕೆ ಒಂದು ದೊಡ್ಡದು, ಮೂರು ಚಿಕ್ಕದು ಎಂದರೆ 15 ಲೀಟರ್, ಐವರಿಗೆ 75. ದಿನಕ್ಕೆ 125 ಲೀಟರ್ ಉಳಿತಾಯ, ವರ್ಷಕ್ಕೆ 45 ಸಾವಿರ ಲೀಟರಿಗೂ ಹೆಚ್ಚು. 5 ಸಾವಿರ ಲೀಟರಿನ ಟ್ಯಾಂಕರ್ ಆದರೆ ಒಂಬತ್ತು ಟ್ಯಾಂಕರ್! ಈ ಉಳಿತಾಯಕ್ಕೆ ಎರಡು ಗುಂಡಿಗಳ ಟ್ಯಾಂಕು ಸಾಕು, ಸ್ಮಾರ್ಟ್ ಕಮೋಡೇ ಬೇಕೆಂದಿಲ್ಲ.

ಎರಡನೆಯದು ಒತ್ತಡ. 10 ಮೀಟರ್ ಎತ್ತರದ ನೀರು ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋಗ್ರಾಂ ಒತ್ತಡ ಕೊಡುತ್ತದೆ. ಒಂದಂತಸ್ತಿನ ಮನೆಯ ತಾರಸಿಯ ಟ್ಯಾಂಕು ಕಮೋಡಿನಿಂದ ಮೂರು ನಾಲ್ಕು ಮೀಟರ್ ಮಾತ್ರ ಎತ್ತರದಲ್ಲಿರುತ್ತದೆ. ಒತ್ತಡ ಅರ್ಧಕ್ಕಿಂತಲೂ ಕಡಿಮೆ. ಅನೇಕ ಸ್ಮಾರ್ಟ್ ಆಸನಗಳಿಗೆ ಇದು ಸಾಲದು. ಪ್ರತ್ಯೇಕ ಪಂಪು ಬೇಕಾಗುತ್ತದೆ. ಕೊಳ್ಳುವ ಮೊದಲೇ ಕಂಪನಿಯ ಕೈಪಿಡಿ ಓದಿ.

ಮೂರನೆಯದು ಗಡಸು ನೀರು. ನಮ್ಮ ಕೊಳವೆ ಬಾವಿಗಳ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಬಿಸಿಯಾದಾಗ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಗಟ್ಟಿಯಾಗುತ್ತದೆ. ನೀರು ಕಾಯಿಸುವ ಹಂಡೆಯೊಳಗೆ ಕಟ್ಟುವ ಬಿಳಿ ಹಕ್ಕಳೆ ಅದೇ. ಹಂಡೆಯನ್ನು ಉಜ್ಜಬಹುದು, ನಳಿಕೆಯ ಸೂಜಿಯಷ್ಟು ಸಣ್ಣ ತೂತು ಕಟ್ಟಿಕೊಂಡರೆ ಕಷ್ಟ. ಸೋಸುವ ಸಾಧನ ಹಾಕಿದರೆ ಮರಳು ನಿಲ್ಲುತ್ತದೆ, ಗಡಸುತನ ಹೋಗುವುದಿಲ್ಲ. ಇನ್ನು ನೀರನ್ನು ಆಗಿಂದಾಗ ಬಿಸಿ ಮಾಡುವ ಆಸನಕ್ಕೆ ಸಾವಿರ ವ್ಯಾಟಿಗೂ ಹೆಚ್ಚು ವಿದ್ಯುತ್ ಬೇಕು. ಒದ್ದೆ ಜಾಗವಾದ್ದರಿಂದ ಸರಿಯಾದ ಅರ್ತಿಂಗ್ ಹಾಗೂ ಸೋರಿಕೆಯಾದ ಕೂಡಲೇ ವಿದ್ಯುತ್ ಕಡಿಯುವ ಸ್ವಿಚ್ ಕಡ್ಡಾಯ.

ಎಲ್ಲಿಗೆ?

ಬೆಂಗಳೂರಿನ ಚರಂಡಿ ನೀರು ಎಲ್ಲಿಗೆ ಹೋಗುತ್ತದೆ ಎಂದು ನಮ್ಮ ಜಿಲ್ಲೆಯ ಮಕ್ಕಳಿಗೆ ಕೇಳಿದರೆ ಉತ್ತರ ಗೊತ್ತಿದೆ. ಕೋರಮಂಗಲ-ಚಲ್ಲಘಟ್ಟ ಕಣಿವೆಯಲ್ಲಿ ಶುದ್ಧೀಕರಿಸಿದ ಅದೇ ನೀರು 2018ರ ಜೂನ್‌ನಲ್ಲಿ ಕೊಳವೆಗಳ ಮೂಲಕ ಏರಿ ನಮ್ಮ ಲಕ್ಷ್ಮೀಸಾಗರ ಕೆರೆಗೆ ಬಂತು. ಅಲ್ಲಿಂದ ಕೆರೆಯಿಂದ ಕೆರೆಗೆ ಹರಿಯಿತು. ಒಣಗಿದ್ದ ಕೆರೆಗಳು ತುಂಬಿದ ಸಂತೋಷ ಒಂದು ಕಡೆ. ಎರಡನೇ ಹಂತದ ಶುದ್ಧೀಕರಣ ಸಾಲದು, ಮೂರನೇ ಹಂತವೂ ಆಗಬೇಕೆಂಬ ಜನರ ಕೂಗು ಇನ್ನೊಂದು ಕಡೆ. ಒಬ್ಬರ ಮನೆಯ ಫ್ಲಶ್ಶು ಇನ್ನೊಬ್ಬರ ಊರಿನ ಕೆರೆಯಾಗುತ್ತದೆ ಎಂಬ ಪಾಠ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಹಾಗಾದರೆ ನಮ್ಮ ಮನೆಯದು? ಒಳಚರಂಡಿ ಇಲ್ಲದ ಕಡೆ ಅದು ಮನೆಯ ಹಿಂದಿನ ಗುಂಡಿಗೆ ಹೋಗುತ್ತದೆ. ಅಲ್ಲಿಂದ ಬಿರುಕು ಬಂಡೆಗಳ ಮೂಲಕ ನೈಟ್ರೇಟ್ ಅಂತರ್ಜಲಕ್ಕೆ ಇಳಿಯಬಹುದು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಮೀರಿದರೆ ಹಸುಗೂಸುಗಳಿಗೆ ಅಪಾಯ. ಆದ್ದರಿಂದ ಗುಂಡಿ ಕೊಳವೆ ಬಾವಿಯಿಂದ ಆದಷ್ಟೂ ದೂರವಿರಲಿ.

ಹಳ್ಳಿಯ ಮನೆಗೆ ಅವಳಿ ಗುಂಡಿಯ ಪಾಯಿಖಾನೆ ಇಂದಿಗೂ ಉತ್ತಮ. ಇಳಿಜಾರು ಹೆಚ್ಚಿರುವ ಬೇಸಿನ್, ಒಂದೂವರೆ ಎರಡು ಲೀಟರ್ ನೀರು, ಮಾಲೂರಿನ ಇಟ್ಟಿಗೆಗಳನ್ನು ಜೇನುಗೂಡಿನಂತೆ ಸಂದು ಬಿಟ್ಟು ಕಟ್ಟಿದ ಎರಡು ಗುಂಡಿ. ಒಂದು ತುಂಬಿದಾಗ ಮುಚ್ಚಿ ಇನ್ನೊಂದಕ್ಕೆ ತಿರುಗಿಸಿದರೆ, ಎರಡು ವರ್ಷದಲ್ಲಿ ಮೊದಲನೆಯದರಲ್ಲಿ ವಾಸನೆಯಿಲ್ಲದ ಗೊಬ್ಬರ ಸಿಗುತ್ತದೆ. ಶ್ರೀನಿವಾಸಪುರದ ಮಾವಿನ ಮರಕ್ಕೆ ಅದು ಬೇಡವೇ?

ತೆಗೆಯುವವರು ಯಾರು?

ನಮ್ಮ ಜಿಲ್ಲೆಯ ಕೆಜಿಎಫ್‌ಗೆ 1902ರಲ್ಲೇ ಶಿವನಸಮುದ್ರದಿಂದ ವಿದ್ಯುತ್ ಬಂತು. ಅದೇ ಊರಿನಲ್ಲಿ ದಶಕಗಳ ಕಾಲ ಒಣ ಪಾಯಿಖಾನೆಗಳ ಮಲವನ್ನು ಮನುಷ್ಯರು ಕೈಯಿಂದ ಬಳಿದು ಹೊತ್ತರು. ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲಿ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ ಮೇಲೂ ಅದು ಪೂರ್ತಿ ನಿಲ್ಲಲಿಲ್ಲ. ಕೆಜಿಎಫ್‌ನಲ್ಲಿ 1966ರಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅವರ ಮನೆಯವರೇ ಈ ಕೆಲಸದಲ್ಲಿದ್ದರು. ಅವರು ಅಲ್ಲಿಂದಲೇ ಹೋರಾಟ ಆರಂಭಿಸಿ ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿದರು. 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಅವರನ್ನು ಹುಡುಕಿಕೊಂಡು ಬಂತು.

ಮಲ ಹೊರುವ ವೃತ್ತಿಯನ್ನು ನಿಷೇಧಿಸುವ ಕಾಯ್ದೆ 1993ರಲ್ಲಿ ಬಂತು. 2013ರ ಕಾಯ್ದೆ, ರಕ್ಷಣಾ ಸಾಧನವಿಲ್ಲದೆ ಯಾರನ್ನಾದರೂ ಚರಂಡಿಗೆ ಅಥವಾ ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದನ್ನೂ ಅಪರಾಧವೆಂದು ಸಾರಿತು. ಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಆದೇಶಿಸಿತು. ಇದರ ಹಿಂದಿನ ವಿಜ್ಞಾನ ಸರಳ. ಗಾಳಿಯಾಡದ ಗುಂಡಿಯಲ್ಲಿ ಮೀಥೇನ್, ಹೈಡ್ರೋಜನ್ ಸಲ್ಫೈಡ್ ಅನಿಲಗಳು ಹುಟ್ಟುತ್ತವೆ. ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ. ಮೊದಲು ಕೊಳೆತ ಮೊಟ್ಟೆಯಂತೆ ನಾರುತ್ತದೆ. ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ. ವಾಸನೆ ಹೋಯಿತೆಂದು ಇಳಿದವನು ಮೇಲೆ ಬರುವುದಿಲ್ಲ. ಅವನನ್ನು ಎತ್ತಲು ಇಳಿದವನದೂ ಅದೇ ಗತಿ.

ಆದ್ದರಿಂದ ತಂದೆತಾಯಿಗಳಿಗೆ ಒಂದು ವಿನಂತಿ. ಹಣವಿದ್ದರೆ ಮೊದಲು ಗುಂಡಿ ಸರಿಪಡಿಸಿ. ಸಕ್ಕಿಂಗ್ ಯಂತ್ರದ ಕೊಳವೆ ಮುಟ್ಟುವಂತೆ ಮುಚ್ಚಳವಿಡಿಸಿ. ಆಮೇಲೆ ಎರಡು ಗುಂಡಿಯ ಫ್ಲಶ್ಶು, ವೃದ್ಧರಿಗೆ ಹಿಡಿದುಕೊಳ್ಳಲು ಗೋಡೆಗೊಂದು ಸರಳು. ಸ್ಮಾರ್ಟ್ ಆಸನ ಅದರ ನಂತರ. ಹಳೆಯ ಕಮೋಡು ಚೆನ್ನಾಗಿದ್ದರೆ ಆಸನವನ್ನಷ್ಟೇ ಬದಲಾಯಿಸಬಹುದು. ಕರೆಂಟು ಬೇಡದ ಆಸನಗಳೂ ಸಿಗುತ್ತವೆ.

ವಿದ್ಯಾರ್ಥಿಗಳಿಗೆ ಒಂದು ಪ್ರಯೋಗ. ಫ್ಲಶ್ ಟ್ಯಾಂಕಿನ ನೀರಿಗೆ ಸ್ವಲ್ಪ ಬಣ್ಣ ಹಾಕಿ, ಅರ್ಧ ಗಂಟೆ ಯಾರೂ ಫ್ಲಶ್ ಮಾಡದಂತೆ ನೋಡಿಕೊಳ್ಳಿ. ಕಮೋಡಿನೊಳಗೆ ಬಣ್ಣ ಕಂಡರೆ ಟ್ಯಾಂಕು ಸೋರುತ್ತಿದೆ ಎಂದರ್ಥ. ಅದನ್ನು ಸರಿಪಡಿಸಲು ಬೇಕಾದದ್ದು ಸಾಮಾನ್ಯವಾಗಿ ಒಂದು ರಬ್ಬರ್ ವಾಷರ್ ಮಾತ್ರ. ಸೋರಿಕೆ ನಿಂತ ಮೇಲೆ ಅಪ್ಪನ ಹತ್ತಿರ ಸ್ಮಾರ್ಟ್ ಕಮೋಡಿನ ಮಾತು ತೆಗೆಯಬಹುದು.