ಚಿತ್ರದಲ್ಲಿ ಕಾಣದ ಕೈ

ಯಲಹಂಕದ ಹಳೆಯ ಭಾಗದ ಕೆಲವು ಓಣಿಗಳಲ್ಲಿ ಹಗಲು ಹೊತ್ತು ನಡೆದರೆ ಮನೆಗಳ ಒಳಗಿನಿಂದ ಒಂದೇ ಲಯದ ಖಟ್ ಖಟ್ ಸದ್ದು ಕೇಳಿಬರುತ್ತದೆ. ವಿದ್ಯುತ್ ಮಗ್ಗಗಳ ಸದ್ದು ಅದು. ಸುತ್ತ ಎದ್ದಿರುವ ಬಹುಮಹಡಿ ಕಟ್ಟಡಗಳ ನಿವಾಸಿಗಳಿಗೆ ಅದೊಂದು ಕಿರಿಕಿರಿ ಇರಬಹುದು; ಮಗ್ಗದವರಿಗೆ ಮಾತ್ರ ಸದ್ದು ನಿಂತರೇ ಆತಂಕ. ಇದೇ ಯಲಹಂಕದಲ್ಲೋ ಹೆಬ್ಬಾಳದಲ್ಲೋ ಆರ್.ಟಿ. ನಗರದಲ್ಲೋ ಗೃಹಿಣಿಯೊಬ್ಬರು ಫೋನು ತೆರೆದು ‘ಕೈಮಗ್ಗದ ಇಳಕಲ್ ಸೀರೆ’ ಎಂದು ಹುಡುಕಿದರೆ ಕ್ಷಣಾರ್ಧದಲ್ಲಿ ಸಾಲು ಸಾಲು ಚಿತ್ರಗಳು ಮೂಡುತ್ತವೆ. ಆರುನೂರು ರೂಪಾಯಿಯ ಸೀರೆಯೂ ಅಲ್ಲಿದೆ, ಆರು ಸಾವಿರದ್ದೂ ಇದೆ. ಎರಡಕ್ಕೂ ಅದೇ ಕೆಂಪು ಬಣ್ಣ, ಅದೇ ಬಿಳಿಯ ಗೋಪುರ ಮಾದರಿಯ ಸೆರಗು. ಚಿತ್ರದಲ್ಲಿ ಬೆಲೆ ಕಾಣುತ್ತದೆ, ಬಣ್ಣ ಕಾಣುತ್ತದೆ. ನೇಯ್ದದ್ದು ಕೈಯೋ ಯಂತ್ರವೋ ಎಂಬುದು ಕಾಣುವುದಿಲ್ಲ.

ಅಂಗಡಿಯಲ್ಲಿ ಸೀರೆ ಕೊಳ್ಳುವ ಹೆಂಗಸರು ಅದನ್ನು ಬಿಡಿಸಿ, ಸೆರಗನ್ನು ಮಗುಚಿ, ಹಿಂಬದಿ ನೋಡಿ, ಬೆರಳುಗಳ ನಡುವೆ ಉಜ್ಜಿ, ಕೊನೆಗೆ ‘ಬೇರೆ ತೋರಿಸಿ’ ಎನ್ನುತ್ತಾರೆ. ಈ ಉಜ್ಜಾಟದಲ್ಲೇ ತಲೆಮಾರುಗಳ ಜವಳಿ ಜ್ಞಾನ ಅಡಗಿದೆ. ಆನ್‌ಲೈನ್ ಸಂತೆ ಆ ಜ್ಞಾನವನ್ನು ಒಂದೇ ಏಟಿಗೆ ನಿರುಪಯೋಗಿ ಮಾಡಿತು. ಅಲ್ಲಿ ಯಾವ ಸರಕು ಮೊದಲು ಕಣ್ಣಿಗೆ ಬೀಳಬೇಕೆಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಬೆಲೆ, ಹಿಂದಿನ ಗಿರಾಕಿಗಳು ಕೊಟ್ಟ ನಕ್ಷತ್ರಗಳು, ಎಷ್ಟು ಬೇಗ ಮನೆಗೆ ತಲುಪುತ್ತದೆ ಎಂಬ ಲೆಕ್ಕ ಮತ್ತು ಜಾಹೀರಾತಿಗೆ ಸುರಿದ ಹಣ. ಒಂದೇ ಮಾದರಿಯ ಐನೂರು ಸೀರೆ ದಾಸ್ತಾನಿಟ್ಟವನಿಗೆ ಈ ನಾಲ್ಕೂ ಅನುಕೂಲ. ಒಂದೊಂದೇ ಸೀರೆ ನೇಯುವವನಿಗೆ ನಾಲ್ಕೂ ಪ್ರತಿಕೂಲ. ಒಂದು ಮಾರಿದ ಮೇಲೆ ಅದರ ಚಿತ್ರವನ್ನೇ ತೆಗೆಯಬೇಕು, ಗಳಿಸಿದ ನಕ್ಷತ್ರಗಳೂ ಅದರೊಂದಿಗೇ ಹೋಗುತ್ತವೆ.

ಇನ್ನು ರಿಯಾಯಿತಿಯ ಮಾತು. ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳೋಣ: ಕೈಮಗ್ಗದ ಒಂದು ಸೀರೆಯ ಬೆಲೆ ಮೂರು ಸಾವಿರ ರೂಪಾಯಿ. ಜಾಲತಾಣದ ಕಮಿಷನ್, ಕೊರಿಯರ್, ಜಾಹೀರಾತು ಸೇರಿ ಆರುನೂರು ಹೋಯಿತು. ನೂಲು, ಬಣ್ಣಕ್ಕೆ ಸಾವಿರದ ಇನ್ನೂರು. ಉಳಿದದ್ದು ಸಾವಿರದ ಇನ್ನೂರು. ಅದು ಗಂಡ ಹೆಂಡತಿ ಇಬ್ಬರೂ ಸೇರಿ ನಾಲ್ಕು ದಿನ ದುಡಿದ ಕೂಲಿ. ಈಗ ಹಬ್ಬದ ಮಾರಾಟವೆಂದು ಬೆಲೆಯಲ್ಲಿ ಶೇಕಡ 10 ಇಳಿಸಿದರೆ ಮುನ್ನೂರು ರೂಪಾಯಿ ಕಡಿಮೆಯಾಯಿತು. ನೂಲಿನ ಅಂಗಡಿಯವನು ತನ್ನ ಪಾಲು ಬಿಡುವುದಿಲ್ಲ, ಕೊರಿಯರಿನವನೂ ಬಿಡುವುದಿಲ್ಲ. ಗಿರಾಕಿಗೆ ಸಿಕ್ಕ ಹತ್ತನೇ ಒಂದು ಪಾಲಿನ ರಿಯಾಯಿತಿ ನೇಕಾರನ ಕೂಲಿಯಲ್ಲಿ ಹೆಚ್ಚು ಕಡಿಮೆ ಕಾಲು ಭಾಗವನ್ನು ನುಂಗುತ್ತದೆ. ಫೋಟೊದಲ್ಲಿದ್ದ ಬಣ್ಣಕ್ಕಿಂತ ಒಂದು ಎಳೆ ತೆಳುವಾಗಿದೆ ಎಂದು ಹತ್ತರಲ್ಲೊಂದು ಸೀರೆ ವಾಪಸು ಬಂದರಂತೂ ಲೆಕ್ಕ ಹಾಕುವುದೇ ಬೇಡ. ಯಂತ್ರದ ಸರಕಿನವನು ಇದೇ ನಷ್ಟವನ್ನು ನೂರಾರು ಸೀರೆಗಳ ಮೇಲೆ ಹಂಚಿಕೊಳ್ಳಬಲ್ಲ. ಕೈಯಲ್ಲಿ ಮಾಡಿದ ಸರಕು ಬೆಲೆಯ ಪೈಪೋಟಿಗೆ ಇಳಿದಲ್ಲಿ ಸೋಲುವುದು ಹೀಗೆ. 2019-20ರ ನಾಲ್ಕನೇ ಅಖಿಲ ಭಾರತ ಕೈಮಗ್ಗ ಗಣತಿಯ ಪ್ರಕಾರ ದೇಶದಲ್ಲಿ ಕೈಮಗ್ಗವನ್ನು ನಂಬಿದ ಕೆಲಸಗಾರರು 35.22 ಲಕ್ಷ. ನೇಕಾರ ಕುಟುಂಬಗಳಲ್ಲಿ ಮೂರರಲ್ಲಿ ಎರಡು ಪಾಲಿನಷ್ಟಕ್ಕೆ ತಿಂಗಳ ಆದಾಯ ಐದು ಸಾವಿರ ರೂಪಾಯಿಗಿಂತ ಕಡಿಮೆ. ಬಿಟ್ಟುಕೊಡಲು ಅಲ್ಲಿ ಹೆಚ್ಚೇನೂ ಇಲ್ಲ.

ಈ ಪೈಪೋಟಿ ಅಂತರ್ಜಾಲದೊಂದಿಗೆ ಹುಟ್ಟಿದ್ದಲ್ಲ. ಯಂತ್ರದ ಬಟ್ಟೆಯಿಂದ ಕೈಮಗ್ಗವನ್ನು ಉಳಿಸಲೆಂದು ಸಂಸತ್ತು 1985ರಲ್ಲಿ ಒಂದು ಮೀಸಲಾತಿ ಕಾಯ್ದೆಯನ್ನೇ ತಂದಿತು. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗದಲ್ಲಿ ಮಾತ್ರ ನೇಯಬೇಕು ಎಂಬುದು ಅದರ ತಿರುಳು. ಆರಂಭದಲ್ಲಿ 22 ವಸ್ತುಗಳು ಪಟ್ಟಿಯಲ್ಲಿದ್ದವು. ವಿದ್ಯುತ್ ಮಗ್ಗದವರು ನ್ಯಾಯಾಲಯಕ್ಕೆ ಹೋದರು; 1993ರಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ಆದರೆ 1996ರಲ್ಲಿ ಪಟ್ಟಿ 11ಕ್ಕೆ ಇಳಿಯಿತು. ಹತ್ತಿ, ರೇಷ್ಮೆಯ ಕೆಲವು ಬಗೆಯ ಸೀರೆಗಳು ಇನ್ನೂ ಅದರಲ್ಲಿವೆ. ಕಾಯ್ದೆ ಮಗ್ಗದ ಮನೆಗೆ ಹೋಗಿ ನೋಡುವ ಇನ್‌ಸ್ಪೆಕ್ಟರನನ್ನು ನಂಬಿ ಬರೆದದ್ದು. ಯಾವ ಊರಿನ ಯಾವ ಗೋದಾಮಿನಿಂದ ಸರಕು ಹೊರಟಿತೆಂದೇ ಗಿರಾಕಿಗೆ ತಿಳಿಯದ ವ್ಯಾಪಾರದಲ್ಲಿ ಆ ಇನ್‌ಸ್ಪೆಕ್ಟರು ಎಲ್ಲಿಗೆ ಹೋಗಬೇಕು?

ಕಾನೂನಿನ ಆಸರೆ ಕಳಚಿದರೆ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕದಲ್ಲೇ ಒಂದು ಉದಾಹರಣೆ ಇದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಘಟಕ ಭಾರತೀಯ ಮಾನಕ ಬ್ಯೂರೋದ ಮುದ್ರೆಯೊಂದಿಗೆ ರಾಷ್ಟ್ರಧ್ವಜ ತಯಾರಿಸುತ್ತದೆ. ಧ್ವಜ ಕೈಯಲ್ಲಿ ನೂತು ಕೈಯಲ್ಲಿ ನೇಯ್ದ ಬಟ್ಟೆಯದೇ ಆಗಿರಬೇಕೆಂಬ ನಿಯಮ ಇದ್ದಷ್ಟು ದಿನ ಅದಕ್ಕೆ ಪೈಪೋಟಿಯ ಪ್ರಶ್ನೆ ಇರಲಿಲ್ಲ. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ ತಿದ್ದುಪಡಿಯಾಗಿ ಪಾಲಿಯೆಸ್ಟರ್ ಮತ್ತು ಯಂತ್ರದ ಬಟ್ಟೆಗೂ ಅನುಮತಿ ಸಿಕ್ಕಿತು. ಮರುವರ್ಷದ ಆಗಸ್ಟ್‌ನಲ್ಲಿ, ಮನೆ ಮನೆಯಲ್ಲಿ ತಿರಂಗಾ ಎಂಬ ಅಭಿಯಾನದ ವೇಳೆ, ಅಂಚೆ ಇಲಾಖೆ ತನ್ನ ಜಾಲತಾಣದಲ್ಲಿ 25 ರೂಪಾಯಿಗೆ ಧ್ವಜ ಮಾರಿತು. ದೇಶದಲ್ಲಿ ಎಂದೂ ಇಲ್ಲದಷ್ಟು ಧ್ವಜಗಳು ಮಾರಾಟವಾದ ಆ ವರ್ಷವೇ ಬೆಂಗೇರಿಯವರು ಬೇಡಿಕೆ ಕುಸಿಯಿತೆಂದು ಅಳಲು ತೋಡಿಕೊಂಡರು.

ಇಷ್ಟಾದ ಮೇಲೆ ಯಲಹಂಕದ ವಿದ್ಯುತ್ ಮಗ್ಗದವನನ್ನೇ ಖಳನಾಯಕ ಮಾಡಿಬಿಡುವುದು ಸುಲಭ. ಅದು ನ್ಯಾಯವಲ್ಲ. ಅವನದೂ ಬಹುಪಾಲು ಮನೆಯೊಳಗಿನ ಎರಡು ನಾಲ್ಕು ಮಗ್ಗದ ಸಂಸಾರ. ಅವನ ಹಿಂದಿನವರೂ ಕೈಮಗ್ಗ ನೇಯ್ದವರೇ ಆಗಿರುವ ಸಾಧ್ಯತೆ ಹೆಚ್ಚು. ಈಗ ಅವನ ಪಾಲಿಗೆ ಯಂತ್ರವಾಗಿ ಬಂದಿರುವುದು ಸೂರತ್. ಅಲ್ಲಿನ ಅತಿವೇಗದ ಮಗ್ಗಗಳಲ್ಲಿ ಕೃತಕ ನೂಲಿನಿಂದ ತಯಾರಾದ ಸೀರೆಗಳು ತಮ್ಮ ವಿನ್ಯಾಸಗಳನ್ನೇ ಹೋಲುತ್ತ ಅಗ್ಗಕ್ಕೆ ಬರುತ್ತಿವೆ ಎಂಬುದು ಪಕ್ಕದ ದೊಡ್ಡಬಳ್ಳಾಪುರದ ನೇಕಾರರ ದೂರು. ಕೈ ಮತ್ತು ಯಂತ್ರದ ನಡುವಿನ ಗೆರೆ ಒಂದೇ ಕಡೆ ನಿಂತದ್ದೂ ಅಲ್ಲ. ಇಂದು ಕೈಮಗ್ಗವೆಂದು ಗೌರವಿಸುವ ಮಗ್ಗದಲ್ಲಿ ಹಗ್ಗ ಎಳೆದರೆ ತಾನಾಗಿ ಓಡುವ ಲಾಳಿ ಇದೆಯಲ್ಲ, ಅದು 1733ರಲ್ಲಿ ಇಂಗ್ಲೆಂಡಿನ ಜಾನ್ ಕೇ ಪೇಟೆಂಟ್ ಪಡೆದ ಯಂತ್ರಭಾಗ!

ಹಾಗಾದರೆ ಗೆರೆ ಎಳೆಯುವವರು ಯಾರು? ಮುದ್ರೆಗಳು ಎಂಬುದು ಸರ್ಕಾರ ಕಂಡುಕೊಂಡ ಉತ್ತರ. ಆದರೆ ಯಾವ ಮುದ್ರೆ ಏನನ್ನು ಹೇಳುತ್ತದೆ ಎಂಬುದರಲ್ಲಿ ಕೊಳ್ಳುವವರು ಮಾತ್ರವಲ್ಲ, ಮಾರುವವರೂ ಎಡವುತ್ತಾರೆ. ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಲ್ಲಿ ಬಂದ ಸಿಲ್ಕ್ ಮಾರ್ಕ್ ಹೇಳುವುದು ಇಷ್ಟೇ: ಇದು ಅಪ್ಪಟ ರೇಷ್ಮೆ. ನೇಯ್ದದ್ದು ಕೈಯೋ ಯಂತ್ರವೋ ಅದಕ್ಕೆ ಸಂಬಂಧವಿಲ್ಲ. ಯಲಹಂಕದ ವಿದ್ಯುತ್ ಮಗ್ಗದ ಶುದ್ಧ ರೇಷ್ಮೆ ಸೀರೆಯೂ ಅದನ್ನು ನ್ಯಾಯವಾಗಿಯೇ ಧರಿಸಬಹುದು. ಭೌಗೋಳಿಕ ಸೂಚಕ, ಅಂದರೆ ಜಿಐ, ಹೇಳುವುದು ಊರನ್ನು. 1999ರ ಕಾಯ್ದೆ 2003ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಮೇಲೆ ಇಳಕಲ್ ಸೀರೆ, ಮೊಳಕಾಲ್ಮೂರು ಸೀರೆ, ಚನ್ನಪಟ್ಟಣದ ಗೊಂಬೆಗಳೆಲ್ಲ ಆ ಪಟ್ಟಿಗೆ ಸೇರಿದವು. ‘ಕೈಯಲ್ಲಿ ನೇಯ್ದದ್ದು’ ಎಂದೇ ಹೇಳುವ ಮುದ್ರೆ 2006ರ ಹ್ಯಾಂಡ್‌ಲೂಮ್ ಮಾರ್ಕ್. ಮೂರರಲ್ಲಿ ಕೊಳ್ಳುವವರಿಗೆ ಅತಿ ಕಡಿಮೆ ಪರಿಚಯವಿರುವುದು ಬಹುಶಃ ಅದೇ.

ಮೈಸೂರು ರೇಷ್ಮೆಯ ಕಥೆ ಇಲ್ಲಿ ಕುತೂಹಲಕರ. 1912ರಲ್ಲಿ ಮೈಸೂರು ಅರಸರು ಹೊರದೇಶದ ಮಗ್ಗಗಳನ್ನು ತರಿಸಿ ಆರಂಭಿಸಿದ ಕಾರ್ಖಾನೆಯ ಮುಂದುವರಿಕೆ ಇಂದಿನ ಕೆಎಸ್‌ಐಸಿ. ಅದರ ಸೀರೆ ಯಂತ್ರದ್ದೇ. ಅದನ್ನು ಸಂಸ್ಥೆ ಮುಚ್ಚಿಟ್ಟದ್ದೂ ಇಲ್ಲ. ಆದರೆ ಪ್ರತಿ ಸೀರೆಗೂ ತನ್ನದೇ ಸಂಖ್ಯೆ, ಹೊಲೊಗ್ರಾಮ್ ಇವೆ. ಈಚಿನ ವರ್ಷಗಳಲ್ಲಿ ಬೇಡಿಕೆ ಹೆಚ್ಚಿ, ಬೆಂಗಳೂರಿನ ಮಳಿಗೆಗಳ ಮುಂದೆ ಬೆಳಗಿನ ಜಾವದಲ್ಲೇ ಜನ ಸಾಲುಗಟ್ಟಿದ್ದುಂಟು. ಅಗ್ಗದ ಅನುಕರಣೆಗಳು ಆನ್‌ಲೈನಿನಲ್ಲಿ ರಾಶಿ ಬಿದ್ದಿರುವಾಗಲೇ ಇದು ನಡೆದಿದೆ. ಅನುಕರಣೆ ಇದೆ ಎಂಬ ಕಾರಣಕ್ಕೇ ಅಸಲು ಸರಕು ಸೋಲಬೇಕೆಂದಿಲ್ಲ. ಅದನ್ನು ಒಂದೊಂದಾಗಿ ಗುರುತಿಸುವ ದಾರಿ ಗಿರಾಕಿಯ ಕೈಗೆ ಸಿಗಬೇಕು. ಅಷ್ಟು ದೊಡ್ಡ ಸಂಸ್ಥೆ ಮಾಡಬಲ್ಲದ್ದನ್ನು ಒಂಟಿ ಮಗ್ಗದವನು ಹೇಗೆ ಮಾಡಿಯಾನು ಎಂಬುದು ಬೇರೆ ಪ್ರಶ್ನೆ.

ಅದಕ್ಕೇ ಒಂಟಿಯಾಗಿ ಮಾರಾಟಕ್ಕೆ ಇಳಿದವರಿಗಿಂತ ಸಂಘ ಕಟ್ಟಿಕೊಂಡವರು ಹೆಚ್ಚು ಕಾಲ ನಿಂತಿದ್ದಾರೆ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿ ಭೀಮನಕೋಣೆಯ ‘ಚರಕ’ ಮಹಿಳೆಯರ ಸಹಕಾರಿ ಸಂಸ್ಥೆ. ‘ದೇಸಿ’ ಎಂಬ ಹೆಸರಿನ ಮಳಿಗೆಗಳ ಮೂಲಕ ಅದು ಪೇಟೆಯ ಗಿರಾಕಿಯನ್ನು ನೇರವಾಗಿ ತಲುಪಿತು. ಅದರ ಹಿಂದಿದ್ದ ರಂಗಕರ್ಮಿ ಪ್ರಸನ್ನ 2017ರಲ್ಲಿ ಕೈ ಉತ್ಪನ್ನಗಳಿಗೆ ಜಿಎಸ್‌ಟಿ ಹಾಕಬಾರದೆಂದು ಸತ್ಯಾಗ್ರಹ ಹೂಡಿದರು. ಆದರೂ 2020ರ ಕೋವಿಡ್ ಕಾಲದಲ್ಲಿ ಚರಕವೂ ತೀವ್ರ ಹಣಕಾಸಿನ ಮುಗ್ಗಟ್ಟಿಗೆ ಸಿಲುಕಿತು. ಸಂಘಟನೆ ರಾಮಬಾಣವೇನಲ್ಲ.

ಜಿಎಸ್‌ಟಿ ಇನ್ನೊಂದು ತೊಡಕನ್ನೂ ತಂದಿತ್ತು. ಅಂಗಡಿ ಇಟ್ಟ ಸಣ್ಣ ವ್ಯಾಪಾರಿಗೆ ವಹಿವಾಟು ಒಂದು ಮಿತಿ ದಾಟುವವರೆಗೆ ನೋಂದಣಿ ಬೇಕಿರಲಿಲ್ಲ. ಜಾಲತಾಣದ ಮೂಲಕ ಮಾರುವವರಿಗೆ ಮೊದಲ ರೂಪಾಯಿಯಿಂದಲೇ ಬೇಕಿತ್ತು. ಲೆಕ್ಕಪತ್ರದ ಹೆದರಿಕೆಗೇ ಎಷ್ಟೋ ಮಂದಿ ವಾಟ್ಸ್ಆ್ಯಪ್‌ನಲ್ಲಿ ಪರಿಚಿತರಿಗೆ ಮಾರುವುದಕ್ಕಷ್ಟೇ ನಿಂತರು. 2023ರ ಅಕ್ಟೋಬರ್ 1ರಿಂದ ರಾಜ್ಯದೊಳಗಷ್ಟೇ ಮಾರುವ ಸಣ್ಣವರಿಗೆ ಈ ಕಡ್ಡಾಯ ತಪ್ಪಿತು. ಆದರೆ ಇಳಕಲ್ ಸೀರೆಗೆ ಮಹಾರಾಷ್ಟ್ರದಲ್ಲೂ ಗಿರಾಕಿಗಳಿದ್ದಾರೆ. ಜಾಲತಾಣದ ಮೂಲಕ ಗಡಿ ದಾಟಿ ಮಾರುವವರಿಗೆ ನೋಂದಣಿ ತಪ್ಪಿಲ್ಲ.

ವಾಟ್ಸ್ಆ್ಯಪ್ ವ್ಯಾಪಾರವನ್ನು ಹಗುರವಾಗಿ ನೋಡಬೇಕಿಲ್ಲ. ಅಲ್ಲಿ ಹತ್ತು ಸೀರೆಗಳ ಬೆಲೆ ಹೋಲಿಸುವ ಪಟ್ಟಿ ಇಲ್ಲ, ಕೇಳುವವರಿದ್ದಾರೆ, ಹೇಳುವವರಿದ್ದಾರೆ. ‘ಬಣ್ಣ ಫೋಟೊದಲ್ಲಿದ್ದಂತೆಯೇ ಇರುತ್ತದಾ?’ ಎಂದರೆ ‘ಬಿಸಿಲಿಗೆ ಹಿಡಿದು ಇನ್ನೊಂದು ಕಳಿಸ್ತೀನಿ ತಡೀರಿ ಅಕ್ಕಾ’ ಎಂಬ ಉತ್ತರ ಬರುತ್ತದೆ. ಅಂಗಡಿಯ ಕಟ್ಟೆಯ ಮೇಲೆ ನಡೆಯುತ್ತಿದ್ದ ಮಾತುಕತೆ ಅಷ್ಟರಮಟ್ಟಿಗೆ ಮರಳಿದೆ. ಹೀಗೆ ಮಾರುವವರು ಸಿದ್ಧ ಸೀರೆಗಿಂತ ಅದು ಮಗ್ಗದ ಮೇಲಿದ್ದಾಗಿನ ಚಿತ್ರವನ್ನು ಮುಂದಿಡುವುದು ಲೇಸು. ಸಿದ್ಧ ಸೀರೆಯ ಚಿತ್ರವನ್ನು ಯಾರು ಬೇಕಾದರೂ ಕದ್ದು ತಮ್ಮದೆನ್ನಬಹುದು, ಅರ್ಧ ನೇಯ್ದ ಸೀರೆಯ ಬೇರೆ ಮಗ್ಗುಲಿನ ಚಿತ್ರ ಕೇಳಿದರೆ ಕದ್ದವನ ಬಳಿ ಇರುವುದಿಲ್ಲ.

ಇಳಕಲ್ ಸೀರೆಯಲ್ಲಂತೂ ಇಂಥ ಗುರುತು ಸೀರೆಯ ಒಳಗೇ ಇದೆ. ಸಾಂಪ್ರದಾಯಿಕ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಾದರೆ ಸೆರಗು ರೇಷ್ಮೆಯದು. ಎರಡನ್ನೂ ಕೂಡಿಸಲು ಒಂದೊಂದೇ ಎಳೆಯನ್ನು ಇನ್ನೊಂದರ ಕುಣಿಕೆಯೊಳಗೆ ತೂರಿಸಿ ಕೊಂಡಿ ಹಾಕುತ್ತಾರೆ. ಹೀಗೆ ಸಾವಿರಾರು ಎಳೆ, ಪ್ರತಿ ಸೀರೆಗೂ ಹೊಸದಾಗಿ. ಕೈಯಿಂದಲೇ ಆಗಬೇಕಾದ ಈ ಕೆಲಸವನ್ನು ಅಗ್ಗದ ಅನುಕರಣೆಯವರು ಕೈಬಿಟ್ಟು, ಒಂದೇ ಹಾಸಿನ ಮೇಲೆ ಸೆರಗಿನ ಚಿತ್ತಾರವನ್ನಷ್ಟೇ ಮೂಡಿಸುತ್ತಾರೆ. ಮುಂಭಾಗದ ಚಿತ್ರದಲ್ಲಿ ಇದು ತಿಳಿಯದು. ಸೀರೆಯನ್ನು ಮಗುಚಿ, ಒಡಲು ಮುಗಿದು ಸೆರಗು ಶುರುವಾಗುವ ಜಾಗವನ್ನು ಹತ್ತಿರದಿಂದ ನೋಡಿದರೆ ಕೊಂಡಿಗಳ ಸಾಲು ಒಂದು ಸಣ್ಣ ಗೆರೆಯಾಗಿ ಕಾಣುತ್ತದೆ. ಕೊಳ್ಳುವ ಮುನ್ನ ಆ ಗೆರೆಯ ಫೋಟೊ ಒಂದನ್ನು ಕೇಳಿ ನೋಡಬಹುದು. ಸೀರೆ ಮನೆಯಲ್ಲೇ ಇರುವವರಿಗೆ ಅದನ್ನು ಕಳಿಸಲು ಐದು ನಿಮಿಷ ಸಾಕು.