ನಾಲ್ಕು ಅಂಗೈ ರಬ್ಬರು: ಟೈರ್ ಬದಲಿಸುವಾಗ ನಂಬಿಕೆ ಬೇರೆ, ಸತ್ಯ ಬೇರೆ

ಮೇ ತಿಂಗಳು ಮುಗಿಯುತ್ತಾ ಬಂದಂತೆ ನನಗೆ ಬರುವ ಫೋನುಗಳಲ್ಲಿ ಒಂದು ಪ್ರಶ್ನೆ ಖಾಯಂ. "ಸಾರ್, ಟೈರ್ ಹಾಕಿಸ್ಬೇಕು, ಯಾವ್ದು ಒಳ್ಳೇದು?" ಕೇಳುವವರಲ್ಲಿ ಹೆಚ್ಚಿನವರು ಕಾರನ್ನು ಓಡಿಸುವ ಖುಷಿಗಾಗಿಯೇ ಕೊಂಡವರು. ಒಬ್ಬರದು ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ, ಇನ್ನೊಬ್ಬರದು ಸ್ಕೋಡಾ ಸ್ಲಾವಿಯಾ, ಮತ್ತೊಬ್ಬರದು ಜೋಪಾನವಾಗಿ ಇಟ್ಟುಕೊಂಡ ಹಳೆಯ ಆಕ್ಟೇವಿಯಾ ಆರ್‌ಎಸ್. ಮಳೆ ಹಿಡಿಯುವ ಮುಂಚೆ ಟೈರ್ ಬದಲಿಸಿ ಸಕಲೇಶಪುರದ ಕಡೆಗೋ ಆಗುಂಬೆಗೋ ಹೋಗಿಬರುವ ಆಸೆ ಅವರದು. ಆದರೆ ಪ್ರಶ್ನೆಯ ಹಿಂದೆಯೇ ಅವರಿವರಿಂದ ಕೇಳಿದ ಉತ್ತರಗಳೂ ಬರುತ್ತವೆ. ಅಗಲದ್ದು ಹಾಕಿಸಬೇಕಂತೆ, ಸಾರಜನಕ ತುಂಬಿಸಬೇಕಂತೆ, ಹೊಸದನ್ನು ಮುಂದಕ್ಕೇ ಹಾಕಬೇಕಂತೆ. ಈ 'ಅಂತೆ'ಗಳಲ್ಲಿ ಕೆಲವು ಅರ್ಧ ಸತ್ಯ, ಕೆಲವು ಅಪಾಯ.

ಮೊದಲು ಒಂದು ಸಣ್ಣ ಲೆಕ್ಕ. ಇಬ್ಬರು ಕುಳಿತ ಕಾರು 1,400 ಕೆಜಿ ತೂಗುತ್ತದೆ ಎಂದುಕೊಳ್ಳಿ. ಒಂದು ಚಕ್ರದ ಪಾಲಿಗೆ 350 ಕೆಜಿ. ಟೈರಿನೊಳಗಿನ ಗಾಳಿ 33 ಪಿಎಸ್‌ಐ, ಅಂದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು 2.3 ಕೆಜಿ ಒತ್ತಡ. ಭಾಗಿಸಿದರೆ ರಸ್ತೆಗೆ ತಾಗುವ ಜಾಗ ಸುಮಾರು 150 ಚದರ ಸೆಂಟಿಮೀಟರ್. ಬೆರಳುಗಳೂ ಸೇರಿದಂತೆ ಅಂಗೈಯನ್ನು ಮೇಜಿನ ಮೇಲೆ ಊರಿ ನೋಡಿ, ಅಷ್ಟೇ ಜಾಗ. ಇಂಜಿನ್ನಿನ 150 ಕುದುರೆ ಶಕ್ತಿ, ಬ್ರೇಕು, ಸ್ಟೇರಿಂಗು, ಎಬಿಎಸ್ಸು ಎಲ್ಲವೂ ಕೆಲಸ ಮಾಡುವುದು ಇಂಥ ನಾಲ್ಕು ಅಂಗೈಗಳ ಮೂಲಕ. ಈ ಲೆಕ್ಕ ನೆನಪಿದ್ದರೆ ಮುಂದಿನದೆಲ್ಲ ಸುಲಭ.

ತಪ್ಪು ಕಲ್ಪನೆ: ಟೈರ್ ಅಗಲವಾದಷ್ಟೂ ರಸ್ತೆಗೆ ತಾಗುವ ಜಾಗ ಹೆಚ್ಚು, ಹಿಡಿತವೂ ಹೆಚ್ಚು.

ಸತ್ಯ: ಮೇಲಿನ ಲೆಕ್ಕದಲ್ಲಿ ಟೈರಿನ ಅಗಲ ಎಲ್ಲೂ ಬರಲಿಲ್ಲ, ಗಮನಿಸಿದಿರಾ? ತೂಕ ಅದೇ, ಗಾಳಿಯ ಒತ್ತಡ ಅದೇ ಆದರೆ ತಾಗುವ ಜಾಗವೂ ಹೆಚ್ಚುಕಡಿಮೆ ಅದೇ. ಬದಲಾಗುವುದು ಅದರ ಆಕಾರ. ಕಿರಿದಾದ ಟೈರಿನಲ್ಲಿ ಅಂಗೈ ಉದ್ದುದ್ದ ಇರುತ್ತದೆ, ಅಗಲದ ಟೈರಿನಲ್ಲಿ ಅಡ್ಡಡ್ಡ. ಒಣ ರಸ್ತೆಯ ತಿರುವಿನಲ್ಲಿ ಅಡ್ಡ ಆಕಾರದಿಂದ ಸ್ವಲ್ಪ ಲಾಭವಿದೆ, ಸ್ಟೇರಿಂಗ್ ಚುರುಕಾಗುತ್ತದೆ. ಆದರೆ ನಿಂತ ನೀರಿನ ಮೇಲೆ ಅದೇ ಆಕಾರ ತಿರುಗಿ ಬೀಳುತ್ತದೆ. ಅಗಲದ ಟೈರು ಹೆಚ್ಚು ನೀರನ್ನು ಪಕ್ಕಕ್ಕೆ ತಳ್ಳಬೇಕು. ತಳ್ಳಲಾಗದಿದ್ದರೆ ನೀರಿನ ಮೇಲೆ ಬೇಗ ತೇಲುತ್ತದೆ. ಹಿಡಿತದಲ್ಲಿ ದೊಡ್ಡ ಪಾತ್ರ ರಬ್ಬರಿನ ಮಿಶ್ರಣದ್ದು. ಒಂದೇ ಅಳತೆಯ ಎರಡು ಟೈರುಗಳ ನಡುವೆ, ಬರೀ ರಬ್ಬರು ಮತ್ತು ವಿನ್ಯಾಸದ ಕಾರಣಕ್ಕೇ, ಒದ್ದೆ ರಸ್ತೆಯಲ್ಲಿ ಬ್ರೇಕ್ ಹಿಡಿದಾಗ ಅಜಗಜಾಂತರ ಕಾಣಬಹುದು. ಆದ್ದರಿಂದ ಕಂಪನಿ ಕೊಟ್ಟ ಅಳತೆಯಲ್ಲೇ ಒಂದು ದರ್ಜೆ ಮೇಲಿನ ಟೈರ್ ಕೊಳ್ಳುವುದು, ಅಗ್ಗದ ಅಗಲ ಟೈರ್ ಕೊಳ್ಳುವುದಕ್ಕಿಂತ ಜಾಣತನ.

ತಪ್ಪು ಕಲ್ಪನೆ: ದೊಡ್ಡ ಅಲಾಯ್, ತೆಳು ಟೈರ್ ಹಾಕಿದರೆ ಕಾರು ರೇಸ್ ಕಾರಿನಂತೆ ಓಡುತ್ತದೆ.

ಸತ್ಯ: ವರ್ಟಸ್, ಸ್ಲಾವಿಯಾಗಳಿಗೆ ಬರುವ 205/55 ಆರ್16 ಅಳತೆಯನ್ನೇ ತೆಗೆದುಕೊಳ್ಳೋಣ. 205 ಎಂದರೆ ಮಿಲಿಮೀಟರಿನಲ್ಲಿ ಅಗಲ. 55 ಎಂದರೆ ಟೈರಿನ ಬದಿಯ ಗೋಡೆಯ ಎತ್ತರ ಆ ಅಗಲದ ಶೇ. 55, ಅಂದರೆ ಸುಮಾರು 113 ಮಿ.ಮೀ. 16 ಎಂದರೆ ಇಂಚಿನಲ್ಲಿ ರಿಮ್. ಇದರ ಜಾಗದಲ್ಲಿ 225/45 ಆರ್17 ಹಾಕಿದರೆ ಒಟ್ಟು ವ್ಯಾಸ 632ರಿಂದ 634 ಮಿ.ಮೀ.ಗೆ ಹೋಗುತ್ತದೆ, ಸ್ಪೀಡೋಮೀಟರಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಆದರೆ ಬದಿಯ ಗೋಡೆ 101 ಮಿ.ಮೀ.ಗೆ ಇಳಿಯುತ್ತದೆ. 225/40 ಆರ್18ಕ್ಕೆ ಹೋದರೆ 90 ಮಿ.ಮೀ. ಮಾತ್ರ. ಬೆಂಗಳೂರಿನ ಗುಂಡಿಗೂ ರಿಮ್ಮಿಗೂ ನಡುವೆ ಉಳಿಯುವ ಮೆತ್ತೆ ಅಷ್ಟೇ. ಗುಂಡಿಯ ಅಂಚಿಗೆ ಬಡಿದಾಗ ಗೋಡೆಯೊಳಗಿನ ನೂಲುಗಳು ತುಂಡಾಗಿ ಬದಿಯಲ್ಲಿ ಉಬ್ಬು ಬರುತ್ತದೆ. ಉಬ್ಬು ಬಂದ ಟೈರಿಗೆ ರಿಪೇರಿ ಇಲ್ಲ, ತೆಗೆದುಹಾಕಲೇಬೇಕು. ದೊಡ್ಡ ರಿಮ್ ಸಾಮಾನ್ಯವಾಗಿ ಭಾರವೂ ಹೌದು. ಸಸ್ಪೆನ್ಷನ್ನಿನ ಕೆಳಗೆ ತೂಕ ಹೆಚ್ಚಾದರೆ ಒರಟು ರಸ್ತೆಯಲ್ಲಿ ಚಕ್ರ ನೆಲ ಬಿಟ್ಟು ಕುಪ್ಪಳಿಸುತ್ತದೆ. ನೆಲ ಬಿಟ್ಟ ಚಕ್ರಕ್ಕೆ ಹಿಡಿತ ಎಲ್ಲಿಂದ ಬರಬೇಕು?

ತಪ್ಪು ಕಲ್ಪನೆ: ನಮ್ಮ ರಸ್ತೆಯಲ್ಲಿ ನೂರರ ಮೇಲೆ ಓಡಿಸುವುದಿಲ್ಲ, ವೇಗದ ಅಕ್ಷರ ಯಾವುದಾದರೇನು?

ಸತ್ಯ: ಅಳತೆಯ ಪಕ್ಕದಲ್ಲಿ '91ವಿ' ಎಂಬಂಥ ಗುರುತು ಇರುತ್ತದೆ. 91 ಎಂದರೆ ಒಂದು ಟೈರು 615 ಕೆಜಿ ಹೊರಬಲ್ಲದು. 'ವಿ' ಎಂದರೆ ಗಂಟೆಗೆ 240 ಕಿ.ಮೀ.ವರೆಗಿನ ವೇಗ ತಾಳಬಲ್ಲದು. 'ಎಚ್' 210ಕ್ಕೆ, 'ಟಿ' 190ಕ್ಕೆ. ಅಕ್ಷರ ಹೇಳುವುದು ವೇಗದ ಮಾತನ್ನೇ ಆದರೂ ಅದರ ಹಿಂದಿರುವುದು ಶಾಖ ತಾಳುವ ಶಕ್ತಿ ಮತ್ತು ಒಳಗಿನ ಕಟ್ಟೋಣದ ಗಟ್ಟಿತನ. ಬಿರುಬೇಸಿಗೆಯಲ್ಲಿ ನಾಲ್ವರನ್ನೂ ಸಾಮಾನನ್ನೂ ಹೊತ್ತು ತಾಸುಗಟ್ಟಲೆ ಹೆದ್ದಾರಿಯಲ್ಲಿ ಓಡುವ ಟೈರಿಗೆ ಆ ಶಕ್ತಿ ಬೇಕು. ಕಾರಿನ ಕೈಪಿಡಿಯಲ್ಲಿ ಹೇಳಿದ ಭಾರದ ಅಂಕಿಗಿಂತ, ವೇಗದ ಅಕ್ಷರಕ್ಕಿಂತ ಕೆಳಗಿಳಿಯಬೇಡಿ. ಮೇಲಿನದು ಹಾಕಿದರೆ ತೊಂದರೆಯಿಲ್ಲ.

ತಪ್ಪು ಕಲ್ಪನೆ: ರೇಸಿನಲ್ಲಿ ಬೋಳು ಟೈರೇ ಹಾಕುತ್ತಾರೆ, ಆದ್ದರಿಂದ ಸವೆದ ಟೈರಿಗೆ ಹಿಡಿತ ಜಾಸ್ತಿ.

ಸತ್ಯ: ಅರ್ಧ ಸತ್ಯ ಎಂದರೆ ಇದೇ. ಒಣಗಿದ ಟ್ರ್ಯಾಕಿನಲ್ಲಿ ನುಣುಪು ಟೈರಿಗೆ ಹಿಡಿತ ಹೆಚ್ಚು, ನಿಜ. ಏಕೆಂದರೆ ಅದರ ರಬ್ಬರು ಬಲು ಮೆದು, ಕಾದ ಮೇಲೆ ಟಾರಿಗೆ ಅಂಟುವಂಥದ್ದು. ನಮ್ಮ ಕಾರಿನ ಸವೆದ ಟೈರಿನ ರಬ್ಬರು ವರ್ಷಗಳ ಬಿಸಿಲಿಗೆ ಗಟ್ಟಿಯಾಗಿರುತ್ತದೆ. ಬೋಳುತನ ಒಂದೇ, ಗುಣ ಬೇರೆ. ರೇಸಿನವರೂ ಮಳೆ ಬಂದರೆ ಗೆರೆಯುಳ್ಳ ಟೈರಿಗೆ ಬದಲಾಯಿಸುತ್ತಾರೆ.

ಟೈರಿನ ಗೆರೆಗಳಿರುವುದು ನೀರಿಗಾಗಿ. ರಸ್ತೆಯ ಮೇಲೆ 3 ಮಿ.ಮೀ. ನೀರು ನಿಂತಿದೆ, 205 ಮಿ.ಮೀ. ಅಗಲದ ಟೈರು ಗಂಟೆಗೆ 80 ಕಿ.ಮೀ. ವೇಗದಲ್ಲಿ ಅದರ ಮೇಲೆ ಹೋಗುತ್ತಿದೆ ಎನ್ನಿ. ಒಂದು ಸೆಕೆಂಡಿನಲ್ಲಿ ಅದರ ದಾರಿಗೆ ಸಿಗುವ ನೀರು 13 ಲೀಟರಿಗೂ ಹೆಚ್ಚು. ಪ್ರತಿ ಸೆಕೆಂಡಿಗೆ ಒಂದು ಕೊಡ ನೀರನ್ನು ಆ ಅಂಗೈ ಪಕ್ಕಕ್ಕೆ ಎತ್ತಿಹಾಕಬೇಕು. ಹೊಸ ಟೈರಿನಲ್ಲಿ 7ರಿಂದ 8 ಮಿ.ಮೀ. ಆಳದ ಗೆರೆಗಳಿರುತ್ತವೆ. ಗೆರೆಗಳ ತಳದಲ್ಲಿ ಅಲ್ಲಲ್ಲಿ ಇರುವ ಸಣ್ಣ ದಿಬ್ಬಗಳು 1.6 ಮಿ.ಮೀ. ಎತ್ತರದವು. ರಬ್ಬರು ಅವುಗಳ ಮಟ್ಟಕ್ಕೆ ಸವೆದರೆ ಕಾನೂನಿನ ಪ್ರಕಾರವೇ ಟೈರಿನ ಆಯಸ್ಸು ಮುಗಿಯಿತು. ಆದರೆ ಕಾನೂನಿನ ಗಡಿ ಕಾಯುವುದು ಬೇಡ. ಶಿರಾಡಿ, ಚಾರ್ಮಾಡಿಗಳ ಮಳೆಯಲ್ಲಿ ಓಡಿಸುವವರು 3 ಮಿ.ಮೀ.ಗೆ ಬಂದಾಗಲೇ ಬದಲಿಸಲಿ.

ಟ್ರ್ಯಾಕ್ ದಿನಗಳಿಗೆಂದೇ ಮಾಡಿದ ಅರೆನುಣುಪು ಟೈರುಗಳನ್ನು ದಿನಬಳಕೆಗೆ ಹಾಕುವವರಿಗೂ ಇದೇ ಮಾತು. ಕಾಯದಿದ್ದರೆ ಅವು ಪೂರ್ತಿ ಹಿಡಿತ ಕೊಡವು, ನೀರನ್ನು ಹೊರಹಾಕಲು ಬೇಕಾದ ಗೆರೆಗಳೂ ಅವುಗಳಲ್ಲಿ ಕಡಿಮೆ.

ತಪ್ಪು ಕಲ್ಪನೆ: ಅಂಗಡಿಯಿಂದ ತಂದದ್ದೆಲ್ಲ ಹೊಸ ಟೈರೇ, ಗೆರೆ ಇರುವ ತನಕ ಚೆನ್ನಾಗೇ ಇರುತ್ತದೆ.

ಸತ್ಯ: ಓಡದೆ ನಿಂತಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಗಾಳಿಯ ಆಮ್ಲಜನಕ, ಓಝೋನ್, ಬಿಸಿಲು ಸೇರಿ ಅದನ್ನು ಗಟ್ಟಿ ಮಾಡುತ್ತವೆ, ಬದಿಯಲ್ಲಿ ಸಣ್ಣ ಬಿರುಕು ಮೂಡಿಸುತ್ತವೆ. ಟೈರಿನ ಬದಿಯಲ್ಲಿ 'ಡಿಒಟಿ' ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳೇ ಅದರ ಜನ್ಮ ಕುಂಡಲಿ. '2324' ಎಂದಿದ್ದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ಈ ಅಂಕಿಗಳು ಒಂದೇ ಬದಿಯಲ್ಲಿ ಇರಬಹುದು. ರಿಮ್ಮಿಗೆ ಕೂರಿಸಿದ ಮೇಲೆ ಆ ಬದಿ ಒಳಗೆ ಹೋದರೆ ನೋಡಲು ಕಷ್ಟ. ಹಾಗಾಗಿ ಕೂರಿಸುವ ಮೊದಲೇ ನಾಲ್ಕನ್ನೂ ನೋಡಿಬಿಡಿ. ನೆರಳಿನಲ್ಲಿ ಸರಿಯಾಗಿ ಇಟ್ಟ ಆರು ತಿಂಗಳ ಟೈರಿಗೆ ಹೆದರುವುದು ಬೇಡ. ಮೂರು ನಾಲ್ಕು ವರ್ಷದ ಹಿಂದಿನದನ್ನು ರಿಯಾಯಿತಿ ಎಂದು ಕೊಟ್ಟರೆ ಬೇಡ ಎನ್ನಿ. ಬಳಕೆಗೆ ಐದು ವರ್ಷ ತುಂಬಿದ ಮೇಲೆ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು. ತಯಾರಾಗಿ ಹತ್ತು ವರ್ಷವಾದರೆ ಗೆರೆ ಎಷ್ಟೇ ಇದ್ದರೂ ತೆಗೆಯಬೇಕು ಎಂಬುದು ಮಿಶೆಲಿನ್‌ನಂಥ ತಯಾರಕರ ಸಲಹೆ. ಡಿಕ್ಕಿಯಲ್ಲಿ ಮಲಗಿರುವ ಸ್ಟೆಪ್ನಿಗೂ ಈ ನಿಯಮ ಅನ್ವಯ.

ತಪ್ಪು ಕಲ್ಪನೆ: ಎರಡೇ ಕೊಳ್ಳುವುದಾದರೆ ಹೊಸದನ್ನು ಮುಂದಕ್ಕೆ ಹಾಕಬೇಕು.

ಸತ್ಯ: ಮೇಲ್ನೋಟಕ್ಕೆ ಸರಿ ಎನಿಸುತ್ತದೆ. ಎಳೆಯುವುದು ಮುಂದಿನ ಚಕ್ರ, ತಿರುಗುವುದು ಅದೇ, ಬ್ರೇಕಿನ ಹೊರೆಯೂ ಅದಕ್ಕೇ ಹೆಚ್ಚು. ಆದರೆ ಒದ್ದೆ ತಿರುವಿನಲ್ಲಿ ಏನಾಗುತ್ತದೆ ನೋಡಿ. ಮುಂದಿನ ಟೈರು ಜಾರಿದರೆ ಕಾರು ನೆಟ್ಟಗೆ ಹೋಗಲು ನೋಡುತ್ತದೆ. ಸ್ಟೇರಿಂಗ್ ಹಗುರಾಗಿ ನಿಮಗೆ ಸುಳಿವು ಸಿಗುತ್ತದೆ, ಆಕ್ಸಿಲರೇಟರ್ ಬಿಟ್ಟರೆ ಬಹುಮಟ್ಟಿಗೆ ಹಿಡಿತ ಮರಳುತ್ತದೆ. ಹಿಂದಿನದು ಜಾರಿದರೆ ಸುಳಿವೇ ಇಲ್ಲ. ಕಾರಿನ ಹಿಂಭಾಗ ಮುಂದೆ ಬರಲು ನೋಡುತ್ತದೆ, ಗಾಬರಿಯಲ್ಲಿ ಆಕ್ಸಿಲರೇಟರ್ ಬಿಟ್ಟರೆ ಇನ್ನಷ್ಟು ತಿರುಗುತ್ತದೆ. ಪಳಗಿದ ಕೈಗೂ ಅದನ್ನು ಸರಿಪಡಿಸುವುದು ಕಷ್ಟ. ಅದಕ್ಕೇ ಮುಂದಿನ ಚಕ್ರ ಎಳೆಯುವ ಕಾರಾದರೂ ಹೊಸ ಜೋಡಿ ಹಿಂದಕ್ಕೆ, ಹಿಂದಿನ ಹಳೆಯ ಜೋಡಿ ಮುಂದಕ್ಕೆ. ಅಂಗಡಿಯವರು ಬೇರೆ ಹೇಳಿದರೂ ನೀವು ಪಟ್ಟು ಬಿಡಬೇಡಿ. ನಾಲ್ಕೂ ಚಕ್ರ ಎಳೆಯುವ ಕಾರುಗಳಲ್ಲಿ ನಾಲ್ಕನ್ನೂ ಒಟ್ಟಿಗೆ ಬದಲಿಸುವುದೇ ಕ್ಷೇಮ. ಸುತ್ತಳತೆಯಲ್ಲಿ ವ್ಯತ್ಯಾಸವಾದರೆ ಗೇರುಗಳ ಜೋಡಣೆಗೇ ಪೆಟ್ಟು ಬೀಳುತ್ತದೆ.

ತಪ್ಪು ಕಲ್ಪನೆ: ಬೇಸಿಗೆಯಲ್ಲಿ ಗಾಳಿ ಕಡಿಮೆ ಹಾಕಿಸಬೇಕು, ಇಲ್ಲದಿದ್ದರೆ ಟೈರ್ ಸಿಡಿಯುತ್ತದೆ.

ಸತ್ಯ: ನಮ್ಮಲ್ಲಿ ಎಲ್ಲಕ್ಕಿಂತ ಆಳವಾಗಿ ಬೇರೂರಿದ, ಎಲ್ಲಕ್ಕಿಂತ ಅಪಾಯದ ನಂಬಿಕೆ ಇದು. ಬೆಳಗ್ಗೆ 25 ಡಿಗ್ರಿಯಲ್ಲಿದ್ದ ಟೈರು ಓಡಿ ಓಡಿ 55 ಡಿಗ್ರಿಗೆ ಕಾದರೆ ಒಳಗಿನ ಒತ್ತಡ 4ರಿಂದ 5 ಪಿಎಸ್‌ಐ ಏರುತ್ತದೆ. ಅದು ಸಹಜ. ಕಾರು ಮಾಡಿದವರು ಆ ಏರಿಕೆಯನ್ನೂ ಲೆಕ್ಕ ಹಾಕಿಯೇ ತಣ್ಣಗಿನ ಒತ್ತಡ ಎಷ್ಟಿರಬೇಕೆಂದು ಬರೆದಿರುತ್ತಾರೆ. ಟೈರನ್ನು ಕೊಲ್ಲುವುದು ಗಾಳಿ ಕಡಿಮೆಯಾಗುವುದು. ಆಗ ಬದಿಯ ಗೋಡೆ ಪ್ರತಿ ಸುತ್ತಿಗೂ ಅತಿಯಾಗಿ ಮಡಚಿ ಬಿಚ್ಚುತ್ತದೆ. ತಂತಿಯನ್ನು ಹಿಂದೆ ಮುಂದೆ ಬಾಗಿಸಿದರೆ ಬಿಸಿಯಾಗುವುದಿಲ್ಲವೇ, ಹಾಗೆ. ಆ ಬಿಸಿಗೆ ಒಳಪದರಗಳು ಬಿಟ್ಟುಕೊಂಡು ಟೈರು ಸಿಡಿಯುತ್ತದೆ. ಒತ್ತಡವನ್ನು ಬೆಳಗ್ಗೆ, ಕಾರು ಓಡುವ ಮೊದಲು ನೋಡಬೇಕು. ಎಷ್ಟಿರಬೇಕು ಎಂಬುದು ಚಾಲಕನ ಬಾಗಿಲ ಕಂಬದಲ್ಲೋ ಪೆಟ್ರೋಲ್ ಮುಚ್ಚಳದ ಒಳಬದಿಯಲ್ಲೋ ಇರುತ್ತದೆ. ಟೈರಿನ ಬದಿಯಲ್ಲಿ ಬರೆದಿರುವುದು ಗರಿಷ್ಠ ಮಿತಿ, ಅದನ್ನು ತುಂಬಿಸುವ ಅಳತೆ ಎಂದು ತಿಳಿಯಬಾರದು.

ಸಾರಜನಕ? ನಾವು ಉಸಿರಾಡುವ ಗಾಳಿಯಲ್ಲೇ ಶೇ. 78 ಸಾರಜನಕವಿದೆ. ಬರೀ ಸಾರಜನಕ ತುಂಬಿದರೆ ಸೋರುವುದು ಕೊಂಚ ನಿಧಾನ, ತೇವಾಂಶ ಇರುವುದಿಲ್ಲ. ಆದರೆ ಕಾದಾಗ ಅದೂ ಗಾಳಿಯಷ್ಟೇ ಹಿಗ್ಗುತ್ತದೆ. ಪುಕ್ಕಟೆ ಸಿಕ್ಕರೆ ಹಾಕಿಸಿ, ಹದಿನೈದು ದಿನಕ್ಕೊಮ್ಮೆ ಒತ್ತಡ ನೋಡುವುದನ್ನು ಬಿಡಬೇಡಿ.

ತಪ್ಪು ಕಲ್ಪನೆ: ಸವೆತದ ಅಂಕಿ ದೊಡ್ಡದಿದ್ದಷ್ಟೂ ಟೈರ್ ಉತ್ತಮ.

ಸತ್ಯ: ಕೆಲವು ಟೈರುಗಳ ಬದಿಯಲ್ಲಿ 'ಟ್ರೆಡ್‌ವೇರ್ 400' ಎಂಬಂತೆ ಬರೆದಿರುತ್ತದೆ. 100 ಅಂಕಿಯ ಮಾದರಿ ಟೈರಿಗೆ ಹೋಲಿಸಿದರೆ ಪರೀಕ್ಷೆಯಲ್ಲಿ ಕಾಲು ಭಾಗದ ವೇಗದಲ್ಲಿ ಸವೆಯಿತು ಎಂದರ್ಥ. ಈ ಅಂಕಿಯನ್ನು ಕೊಟ್ಟುಕೊಳ್ಳುವವರು ತಯಾರಕರೇ ಆದ್ದರಿಂದ ಒಂದು ಕಂಪನಿಯದನ್ನು ಇನ್ನೊಂದರದಕ್ಕೆ ಹೋಲಿಸುವುದು ನೆಚ್ಚಿಕೆಯ ಕೆಲಸವಲ್ಲ. ಅದಕ್ಕಿಂತ ಮುಖ್ಯ, ಬಾಳಿಕೆ ಮತ್ತು ಹಿಡಿತ ಸಾಮಾನ್ಯವಾಗಿ ಒಂದನ್ನೊಂದು ಎಳೆದಾಡುವ ಗುಣಗಳು. ಎಪ್ಪತ್ತು ಸಾವಿರ ಕಿ.ಮೀ. ಬಾಳುವ ಟೈರು ಬೇಕೆನ್ನುವವರು ಏನನ್ನು ಬಿಟ್ಟುಕೊಡುತ್ತಿದ್ದೇವೆ ಎಂದೂ ಕೇಳಿಕೊಳ್ಳಬೇಕು. ಚುರುಕು ಕಾರಿನವರು ಮೊದಲು ನೋಡಬೇಕಾದದ್ದು ಒದ್ದೆ ರಸ್ತೆಯ ಹಿಡಿತ, ಆಮೇಲೆ ಸದ್ದು ಮತ್ತು ಮೆತ್ತನೆತನ, ಕೊನೆಗೆ ಬಾಳಿಕೆ.

ತಪ್ಪು ಕಲ್ಪನೆ: ಆಮದಾದ ಟೈರೇ ಒಳ್ಳೆಯದು.

ಸತ್ಯ: 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಟೈರ್ ಆಮದನ್ನು ಪರವಾನಗಿಯ ಕಟ್ಟಿಗೆ ಒಳಪಡಿಸಿತು. ಬ್ರಿಜ್‌ಸ್ಟೋನ್, ಯೋಕೊಹಾಮಾಗಳಂಥ ವಿದೇಶಿ ಹೆಸರುಗಳಿಗೆ ಇಲ್ಲಿಯೇ ಕಾರ್ಖಾನೆಗಳಿವೆ. ಅಪೋಲೊ 2009ರಲ್ಲಿ ನೆದರ್‌ಲ್ಯಾಂಡ್ಸಿನ ವ್ರೆಡೆಸ್ಟೈನನ್ನು ಕೊಂಡಿತು. ನಮ್ಮ ಮೈಸೂರಿನ ವಿಕ್ರಾಂತ್ 1997ರಲ್ಲಿ ಜೆಕೆ ಟೈರ್ ಕೈಸೇರಿತು. ಊರು ಯಾವುದೆಂಬುದಕ್ಕಿಂತ ಅಳತೆ, ಭಾರದ ಅಂಕಿ, ತಯಾರಿಯ ವಾರ, ಐಎಸ್‌ಐ ಗುರುತು ಇವುಗಳನ್ನು ನೋಡಿ. ಹೊರಗಿನಿಂದ ಬಂದು ಗೋದಾಮಿನಲ್ಲಿ ಕೊಳೆತ ಟೈರಿಗಿಂತ ಇಲ್ಲಿ ಮೊನ್ನೆ ತಯಾರಾದದ್ದು ಮೇಲು. ಒಂದು ಮಾತ್ರ ಗಮನಿಸಿ. ಪೋರ್ಷೆಗೆ 'ಎನ್', ಬಿಎಂಡಬ್ಲ್ಯುಗೆ ನಕ್ಷತ್ರ, ಮರ್ಸಿಡಿಸ್‌ಗೆ 'ಎಂಒ' ಎಂಬ ಗುರುತಿನ ಟೈರುಗಳಿವೆ. ಹೆಸರು ಒಂದೇ ಆದರೂ ಆ ಕಾರಿಗೆಂದೇ ಹದಗೊಳಿಸಿದ ಟೈರುಗಳು ಅವು. ಅಂಥ ಕಾರಿದ್ದರೆ ಅದೇ ಗುರುತಿನದನ್ನು ಕೇಳಿ ಪಡೆಯಿರಿ.

ಕೊಂಡ ದಿನ ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಮಾಡಿಸಿ, ಹಳೆಯ ವಾಲ್ವ್‌ಗಳನ್ನೂ ಬದಲಿಸಿ. ಅಚ್ಚಿನಿಂದ ಬಿಡಿಸಲು ಹಚ್ಚಿದ ಜಾರುಪದಾರ್ಥ ಹೊಸ ರಬ್ಬರಿನ ಮೇಲೆ ಉಳಿದಿರುತ್ತದೆ. ಹಾಗಾಗಿ ಮೊದಲ ಕೆಲವು ನೂರು ಕಿ.ಮೀ. ಸಮಾಧಾನವಾಗಿ ಓಡಿಸಿ. ಇಂಜಿನ್ನಿನ ಶಕ್ತಿ ಹೆಚ್ಚಿಸಲು ರೀಮ್ಯಾಪ್‌ಗೆಂದು ಕೂಡಿಟ್ಟ ಹಣವಿದ್ದರೆ, ದಯವಿಟ್ಟು ಅದನ್ನು ಮೊದಲು ಟೈರಿಗೆ ಹಾಕಿ. ಇರುವ ಶಕ್ತಿಯನ್ನೇ ನೆಲಕ್ಕೆ ಇಳಿಸಲಾಗದ ಕಾರಿಗೆ ಇನ್ನಷ್ಟು ಶಕ್ತಿ ಕೊಟ್ಟು ಏನು ಮಾಡುವುದು?

ಘಾಟಿಗೆ ಹೊರಡುವ ದಿನ ಐದು ನಿಮಿಷ ಮೊದಲೇ ಮನೆಯ ಹೊರಗೆ ಬನ್ನಿ. ಪ್ರತಿ ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತು ಗಾಳಿ ಅಳೆಯಿರಿ, ಗೆರೆಗಳಲ್ಲಿ ಬೆರಳಾಡಿಸಿ, ಬದಿಯ ಗೋಡೆಯನ್ನು ಸವರಿ ನೋಡಿ. ಮಳೆಯ ತಿರುವಿನಲ್ಲಿ ಎದುರಿಗೆ ದಿಢೀರನೆ ಬಸ್ಸು ಬಂದಾಗ ನಿಮ್ಮ ಮನೆಮಂದಿಯನ್ನು ಹಿಡಿದುಕೊಳ್ಳುವುದು ಆ ನಾಲ್ಕು ಅಂಗೈಗಳೇ.